ಮಂಚದ ಕಾಲಿನ ಕರಾಟೆ

ಗೆಳೆಯರೇ, ನಮ್ಮ ಅಥಣಿಯ ಕರಾಟೆ ಮಾಸ್ತರರು ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿದ ಕೋಲುವರಸೆಯನ್ನು ಇಂದು ಬೆಳಿಗ್ಗೆ ನಮಗೆ ಕಲಿಸಲು ಹೊರಟರು. ಅದಕ್ಕೆಂದೇ ಬಡಿಗೇರನಿಂದ ಐದು ಸಾಗವಾನಿ ಕೋಲು ಮಾಡಿಸಿ ತಂದಿದ್ದರು. ಕೋಲಿನ ಮೈತುಂಬ ಬಳೆ ತೊಡಿಸಿದಂತೆ ಕೊರೆದ ಡಿಸೈನು, ಮೇಲೆ ಥಳಥಳಿಸುವ ವಾರ್ನಿಶ್!

ಕಾಗವಾಡದ ರೈತ ಪಾಯಪ್ಪ ಮಾತ್ರ ತನ್ನದೇ ಬಿದಿರಿನ ಬಡಿಗೆ ಹಿಡಿದು ಬಂದಿದ್ದ.

"ದನಾ ಕಾಯಾಕ ಬಂದೀಯೇನಪಾ?" ಎಂದು ಮಾಸ್ತರರು ನಕ್ಕರು. "ಕೋಲಂದ್ರ ಹಿಂಗ ಚೆಂದ ಇರಬೇಕು."

"ಬಳಿ ಕೊರದಲ್ಲೆ ಕಟಗಿ ಸಣ್ಣ ಆಗೇತ್ರಿ ಸರ್. ಅಲ್ಲೇ ಮುರೀತೈತಿ."

"ನನಗ ಕಲಸ್ತೀಯೇನ? ಹೊಡಿ, ತಡೀತೀನಿ!"

ಪಾಯಪ್ಪ ಒಂದೇ ಏಟು ಹಾಕಿದ. ಕೋಲು ಬಳೆಯ ಬಳಿಯೇ ಲಟಕ್ಕನೆ ಮುರಿಯಿತು. ಮಾಸ್ತರರ ಕೈಯಲ್ಲಿ ಉಳಿದದ್ದು ಲಟ್ಟಣಿಗೆಯಷ್ಟು.

"ಬಡಿಗ್ಯಾರಗ ಏನ್ ಮಾಡಂತ ಹೇಳಿದ್ರಿ ಸರ್?" ಎಂದು ಪಾಯಪ್ಪ ಕೇಳಿದ.

"ಮಂಚದ ಕಾಲಿನಂಗ ಚೆಂದ ಮಾಡಂದಿದ್ದೆ," ಎಂದರು ಮಾಸ್ತರರು, ಕೋಲಿನ ತುಂಡನ್ನೇ ನೋಡುತ್ತ.

ನಾಳೆಯಿಂದ ಹೊಸ ನಿಯಮವಂತೆ: ಕೋಲಿಗೆ ಕೋಲು ತಾಗಿಸಬಾರದು! ಇನ್ನೂ ನಾಲ್ಕು ಕೋಲು ಉಳಿದಿವೆ. ಒಂದು ಮಂಚಕ್ಕೆ ಅಷ್ಟು ಸಾಕು. ಈ ಮಾಸ್ತರರ ವಿದ್ಯೆಯನ್ನು ನಾವು ಮಲಗಿಕೊಂಡೇ ಕಲಿಯಬಹುದು.