ಹಿಡಕಲ್ ಜೀಪಿನ ವೈಪರ್

ಹಿಡಕಲ್ ಅಣೆಕಟ್ಟಿನ ಕೆಲಸ ನಡೆದಿದ್ದಾಗ ನಾನು ಅಲ್ಲಿ ಜೀಪು ಓಡಿಸುತ್ತಿದ್ದೆ. ಒಂದು ಮಧ್ಯಾಹ್ನ, ಕಲ್ಲು ಹೊರುತ್ತಿದ್ದ ಗಂಗವ್ವನಿಗೆ ಹೆರಿಗೆ ನೋವು ಶುರುವಾಯಿತು. ಅವಳನ್ನೂ ಅವಳ ಅತ್ತೆಯನ್ನೂ ಕೂರಿಸಿಕೊಂಡು ಗೋಕಾಕಿನ ದವಾಖಾನೆಗೆ ಹೊರಟೆ. ದಾರಿಯಲ್ಲಿ ಮಳೆ ಹಿಡಿಯಿತು. ವೈಪರ್ ಕಿರ್ರೆಂದು ಕಿರುಚುತ್ತ ಗಾಜನ್ನು ಇನ್ನಷ್ಟು ಮಬ್ಬು ಮಾಡಿತು. ಇಳಿದು ನೋಡಿದರೆ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಒರೆಸಿದೆ, ತಿರುವಿ ಹಾಕಿದೆ, ಏನೂ ಆಗಲಿಲ್ಲ.

“ರಸ್ತಾ ಕಾಣವಲ್ದು. ಮಳಿ ನಿಲ್ಲೂತನಕ ಇಲ್ಲೇ ನಿಲ್ಲಬೇಕು,” ಎಂದೆ.

ಹಲ್ಲು ಕಚ್ಚಿ ಕೂತಿದ್ದ ಗಂಗವ್ವ, “ಅತ್ತಿ, ಡ್ರೈವರಣ್ಣಗ ನಿಮ್ಮ ತಂಬಾಕ ಕೊಡ್ರಿ. ಅಣ್ಣಾರ, ತೋಯಿಸಿ ಗಾಜಿಗೆ ತಿಕ್ರಿ. ನಮ್ಮಪ್ಪ ಲಾರಿ ಹೊಡೀತಾನ, ಹಿಂಗ ಮಾಡ್ತಾನ,” ಎಂದಳು.

ತಿಕ್ಕಿದೆ. ಗಾಜಿನ ಮೇಲೆ ಹನಿ ಕೂರದೆ ನೀರು ತೆಳ್ಳಗೆ ಜಾರತೊಡಗಿತು, ರಸ್ತೆ ಕಂಡಿತು. ವೈಪರ್ ಬಂದ್ ಮಾಡಿಯೇ ಗೋಕಾಕ ಮುಟ್ಟಿದೆವು.

ಅವಳನ್ನು ಒಳಗೆ ಸೇರಿಸಿ ಪೇಟೆಗೆ ಹೋದೆ. ಅಂಗಡಿಯವನು ತೋರಿಸಿದ ವೈಪರ್ ಬ್ಲೇಡುಗಳನ್ನು ಬೆರಳಿನಿಂದ ಬಾಗಿಸಿ ನೋಡಿ, ಹಳೆಯದರಷ್ಟೇ ಉದ್ದದ, ಮೆತ್ತನೆಯ ರಬ್ಬರಿನದನ್ನು ಆರಿಸಿ ತಂದೆ. ದವಾಖಾನೆಯ ಮುಂದೆ ಅದನ್ನು ಹಾಕುತ್ತಿದ್ದಾಗ ಅತ್ತೆ ಹೊರಗೆ ಬಂದಳು.

“ಹೆಣ್ಣು ಕೂಸರಿ. ಇಬ್ಬರೂ ಆರಾಮ ಅದಾರ.”

ನಾನು ಬ್ಲೇಡನ್ನು ಒತ್ತಿ ಕೂರಿಸಿದೆ. ಅತ್ತೆ ಮುಂದುವರಿಸಿದಳು:

“ಗಂಗವ್ವ ಆಗ್ಲೇ, ಜೀಪು ವಾಪಸ್ ಯಾವಾಗ ಹೋಗತೈತಿ ಅಂತ ಕೇಳಾಕತ್ತಾಳ್ರಿ.”