ಬಲಗಾಲಿನ ಬ್ರೇಕು

ಬಸ್ ಡ್ರೈವರನೊಬ್ಬ ತನ್ನ ನಾಯಿಯ ಜೊತೆ ಓಡಿ ಹೊರದೇಶದ ಸ್ಪರ್ಧೆಗೆ ಹೋಗುತ್ತಾನಂತೆ ಎಂಬ ಸುದ್ದಿ ಡಿಪೋಗೆ ಬಿದ್ದರೆ ಯಾರು ತಾನೇ ಸುಮ್ಮನಿರುತ್ತಾರೆ? ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಕ್ಯಾನಿಕ್ಕನಂತೂ ಬಸ್ಸಿನ ಅಡಿಯಿಂದಲೇ ತಲೆ ಹೊರಹಾಕಿ, "ಅಣ್ಣಾ, ಓಡೋದು ನೀವೋ ನಾಯಿಯೋ?" ಎಂದು ಕೇಳಿದ.

"ಇಬ್ರೂ ಕಣೋ," ಎಂದ ಡ್ರೈವರಣ್ಣ, ಹೊಟ್ಟೆಯನ್ನು ಒಂದಿಷ್ಟು ಒಳಗೆಳೆದುಕೊಂಡು. ಅದೇನು ಎಳೆದಲ್ಲೇ ನಿಲ್ಲುವ ಹೊಟ್ಟೆಯೇ? ಮರುಕ್ಷಣವೇ ಬೆಲ್ಟಿನ ಮೇಲೆ ಬಂದು ಕೂತಿತು.

ನಗುವವರು ನಗಲಿ. ಅವನ ಆಸೆ ಏನೆಂದು ಅವರಿಗೇನು ಗೊತ್ತು? ಮೀಸೆ ಬೆಳ್ಳಗಾಗುವವರೆಗೂ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದವನು ಅವನು. ಆಸ್ಪತ್ರೆ ಗೇಟಿನಿಂದ ಹೊರಟು, ಮಾರ್ಕೆಟ್ಟು, ಶಾಲೆ ದಾಟಿ, ರೈಲ್ವೆ ಸ್ಟೇಷನ್ನಿನಲ್ಲಿ ಜನರನ್ನು ಇಳಿಸಿ ವಾಪಸ್ಸು. ಸೂಟ್‌ಕೇಸು ಹಿಡಿದವರೆಲ್ಲ ಇಳಿದು ಎಲ್ಲೆಲ್ಲಿಗೋ ಹೋಗುತ್ತಿದ್ದರು. ಇವನು ಸ್ಟೇರಿಂಗ್ ತಿರುಗಿಸಿ ಮತ್ತೆ ಆಸ್ಪತ್ರೆ ಗೇಟಿಗೇ ಬರುತ್ತಿದ್ದ. ಒಂದು ಸಲ, ಒಂದೇ ಒಂದು ಸಲ, ತಾನೂ ಪ್ಯಾಸೆಂಜರಾಗಿ ಕಿಟಕಿ ಪಕ್ಕ ಕೂತು ದೂರ ಹೋಗಬೇಕು, ಅದೂ ಚಿಲ್ಲರೆಯ ಜೊತೆ ಹೋಗಬೇಕು ಎಂದು ಅವನಿಗೆ ಜೀವ ಹೊಡೆದುಕೊಳ್ಳುತ್ತಿತ್ತು.

ಚಿಲ್ಲರೆ ಎಂದರೆ ಅವನ ನಾಯಿ. ಆ ಹೆಸರಿಟ್ಟವನು ಅವನ ಕಂಡಕ್ಟರು. "ಬೇಕಾದಾಗ ಕೈಗೆ ಸಿಗಲ್ಲ, ಬೇಡದಾಗ ಎಲ್ಲಾ ಕಡೆ ಬಿದ್ದಿರತ್ತೆ," ಎಂಬುದು ಅವನು ಕೊಟ್ಟ ಕಾರಣ.

ಆ ನಾಯಿ ಸಿಕ್ಕಿದ್ದೂ ಬಸ್ಸಿನಿಂದಲೇ. ಒಂದು ಬೆಳಿಗ್ಗೆ ಶಾಲೆಯ ಸ್ಟಾಪಿನ ಹತ್ತಿರ ಕಂದು ಬಣ್ಣದ ಉಂಡೆಯೊಂದು ಬಸ್ಸಿಗೆ ಅಡ್ಡ ಉರುಳಿ ಬಂತು. ಡ್ರೈವರಣ್ಣ ಮೈಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು ಬ್ರೇಕು ತುಳಿದ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಬಾಯಿಗೆ ಬಂದಂತೆ ಬೈದರು. ಇಳಿದು ನೋಡಿದರೆ, ನಾಯಿಮರಿಯೊಂದು ಮುಂದಿನ ಚಕ್ರವನ್ನು ಆರಾಮಾಗಿ ಮೂಸುತ್ತಿತ್ತು. "ನಿಂಗೇನು ತಲೆ ಕೆಟ್ಟಿದ್ಯಾ? ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ?" ಎಂದು ಬೈಯುತ್ತಲೇ ಅದನ್ನೆತ್ತಿ ತನ್ನ ಪಕ್ಕ ಕೂರಿಸಿಕೊಂಡ. ಸಂಜೆ ಮನೆಗೆ ತಂದಾಗ ಹೆಂಡತಿ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಿ, "ನೋಡ್ರೀ, ಈ ಮನೇಲಿ ಒಂದೋ ಅದಿರಬೇಕು, ಇಲ್ಲಾ ನಾನಿರಬೇಕು," ಎಂದಳು. ಊಟದ ಹೊತ್ತಿಗೆ ಅದು ಅವಳ ಬಟ್ಟೆಚೂರುಗಳ ಬುಟ್ಟಿಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿತ್ತು. ಇಬ್ಬರೂ ಉಳಿದರು.

ಬೆಳೆದ ಮೇಲೆ ಅದು ನಾಯಿಯೋ ಪಾದರಸವೋ ತಿಳಿಯದಾಯಿತು. ಸ್ಟೂಲು ಕಂಡರೆ ಹಾರುವುದು, ಮಂಚ ಕಂಡರೆ ಕೆಳಗೆ ನುಗ್ಗುವುದು. "ಇದನ್ನ ಡ್ರಿಲ್ ಟೀಚರ್ ಹತ್ರ ಕರ್ಕೊಂಡು ಹೋಗ್ರೀ, ನನ್ನ ಕೈಲಾಗಲ್ಲ," ಎಂದು ಹೆಂಡತಿಯೇ ಅಟ್ಟಿದಳು. ಡ್ರಿಲ್ ಟೀಚರ್ ಎಂದರೆ ಶಾಲೆಯಿಂದ ನಿವೃತ್ತಿಯಾದರೂ ಕೊರಳಿನ ಸೀಟಿ ತೆಗೆಯದ ಹೆಂಗಸು. ಮಕ್ಕಳನ್ನು ಓಡಿಸುವ ಕೆಲಸ ಮುಗಿದ ಮೇಲೆ ನಾಯಿಗಳನ್ನು ಓಡಿಸತೊಡಗಿದ್ದಳು. ಅವಳ ಮೈದಾನದಲ್ಲಿ ಹಾರಲು ಅಡ್ಡಕಂಬಗಳಿದ್ದವು, ನುಗ್ಗಲು ಬಟ್ಟೆಯ ಸುರಂಗ, ಸಂದಿಯಲ್ಲಿ ಹಾವಿನ ಹಾಗೆ ಹರಿದು ಬರಲು ನೆಟ್ಟ ಕೋಲುಗಳ ಸಾಲು, ಹತ್ತಿ ಇಳಿಯಲು ಇಳಿಜಾರಿನ ಹಲಗೆ, ಒಂದು ತುದಿ ಏರಿದರೆ ಇನ್ನೊಂದು ಇಳಿಯುವ ಏತದ ಹಲಗೆ. ನಾಯಿಗೆ ಕೊರಳಪಟ್ಟಿಯಿಲ್ಲ, ಹಗ್ಗವಿಲ್ಲ. ಮುಟ್ಟುವಂತೆಯೂ ಇಲ್ಲ. ಜೊತೆಯಲ್ಲಿ ಓಡುತ್ತಲೇ ದಾರಿ ತೋರಿಸಬೇಕು.

"ಡ್ರೈವರ್ರೇ, ನೀವು ಬಾಯಲ್ಲಿ ಹೇಳೋದನ್ನ ಅದು ಅರ್ಧ ಕೇಳತ್ತೆ. ಕಾಲಲ್ಲಿ ಹೇಳೋದನ್ನ ಪೂರ್ತಿ ನೋಡತ್ತೆ," ಎಂದಳು ಟೀಚರ್ ಮೊದಲ ದಿನವೇ. "ಇನ್ನೊಂದು ಮಾತು. ನಾಯಿ ತಪ್ಪು ಮಾಡಲ್ಲ, ನೀವು ತಪ್ಪು ಹೇಳಿರ್ತೀರಿ. ಏನೇ ಆಗ್ಲಿ, ಕಣದಿಂದ ಹೊರಗೆ ಬರೋ ಮುಂಚೆ ಅದಕ್ಕೆ ಭೇಷ್ ಅನ್ನಲೇಬೇಕು."

ಎಡವಟ್ಟಾದದ್ದು ಆ ಕಾಲಿನಲ್ಲೇ. ಹೆದರಿಕೆಯಾದ ಕೂಡಲೇ ಡ್ರೈವರಣ್ಣನ ಬಲಗಾಲು ತಾನಾಗಿಯೇ ನೆಲಕ್ಕೆ ಧಡ್ ಎಂದು ಬಡಿಯುತ್ತಿತ್ತು. ಹೆಂಡತಿಯ ಕೈಯಿಂದ ಪಾತ್ರೆ ಜಾರಿದರೂ ಅಷ್ಟೇ, ಟಿವಿಯಲ್ಲಿ ಯಾರೋ ಮೆಟ್ಟಿಲಿನಿಂದ ಬಿದ್ದರೂ ಅಷ್ಟೇ. ಅಷ್ಟು ವರ್ಷ ಬ್ರೇಕು ತುಳಿದ ಕಾಲು ಇನ್ನೇನು ಮಾಡೀತು? ಚಿಲ್ಲರೆ ಅದನ್ನು ಬುಟ್ಟಿಯಲ್ಲಿ ಮಲಗಿದ್ದ ದಿನಗಳಿಂದಲೇ ನೋಡಿಕೊಂಡು ಬೆಳೆದಿತ್ತು. ಧಡ್ ಎಂದರೆ ನಿಲ್ಲು ಎಂದು ಯಾರೂ ಕಲಿಸದೆಯೇ ಕಲಿತುಬಿಟ್ಟಿತ್ತು. ಏತದ ಹಲಗೆಯ ಮೇಲೆ ಅದು ಓಡುವಾಗ ಇವನಿಗೆ ಬಿದ್ದೀತೇನೋ ಎಂದು ಜೀವ ಬಾಯಿಗೆ ಬರುವುದು, ಕಾಲು ಧಡ್ ಎನ್ನುವುದು, ಚಿಲ್ಲರೆ ನಟ್ಟನಡುವೆ ಕಲ್ಲಿನ ಹಾಗೆ ನಿಂತುಬಿಡುವುದು. "ಅಣ್ಣಾ, ಅಲ್ಲಿ ಸ್ಟಾಪಿಲ್ಲ, ರೈಟ್ ರೈಟ್!" ಎಂದು ಬೇಲಿಯಾಚೆಯಿಂದ ಕಂಡಕ್ಟರು ಕೂಗುವುದು.

ಇಷ್ಟಾದರೂ ಚಿಲ್ಲರೆ ಎಂಥ ನಾಯಿ ಗೊತ್ತೇ? ಹೊರದೇಶದ ಸ್ಪರ್ಧೆಗೆ ದೇಶದ ತಂಡ ಆರಿಸುವ ಪಂದ್ಯಗಳಿಗೆ ಟೀಚರ್ ಇಬ್ಬರ ಹೆಸರೂ ಕೊಟ್ಟೇಬಿಟ್ಟಳು. ಆ ಸ್ಪರ್ಧೆಯಲ್ಲಿ ನಾಯಿಯ ಕುಲಗೋತ್ರ ಯಾರೂ ಕೇಳುವುದಿಲ್ಲ. ಭುಜದ ಎತ್ತರ ಅಳೆದು ಗಿಡ್ಡ ನಾಯಿಗಳ ಗುಂಪಿಗೋ ಎತ್ತರದವುಗಳ ಗುಂಪಿಗೋ ಸೇರಿಸುತ್ತಾರೆ, ಅಷ್ಟೇ. ವರ್ಷಕ್ಕೆ ಮೂರು ಪಂದ್ಯ. ಕಂಬ ಬೀಳಿಸಿದರೆ ತಪ್ಪು, ಇಳಿಜಾರಿನ ತುದಿಯ ಹಳದಿ ಪಟ್ಟಿಗೆ ಕಾಲು ತಾಗಿಸದೆ ಹಾರಿದರೆ ತಪ್ಪು, ಅಡ್ಡಕಂಬದ ಮುಂದೆ ನಿಂತರೂ ತಪ್ಪು. ತಪ್ಪಿಲ್ಲದ ಓಟಗಳನ್ನು ಮೊದಲು ನೋಡಿ, ಆಮೇಲೆ ವೇಗ ನೋಡಿ, ಗುಂಪಿಗೆ ಮೂರು ಜೋಡಿಗಳನ್ನು ಆರಿಸುತ್ತಾರೆ. ಜೋಡಿ ಎಂದರೆ ಜೋಡಿಯೇ. "ಅಣ್ಣನ ಬದಲು ನಾನು ಓಡ್ಲಾ ಟೀಚರ್? ಸ್ವಲ್ಪ ತೆಳ್ಳಗಿದೀನಿ," ಎಂದು ಕಂಡಕ್ಟರು ಕೇಳಿದ್ದಕ್ಕೆ, "ಆರಿಸೋದು ನಾಯೀನಲ್ಲಪ್ಪ, ನಾಯಿ ಮತ್ತೆ ಅದರ ಮನುಷ್ಯ ಇಬ್ಬರನ್ನೂ ಸೇರಿಸಿ. ನೀನು ಓಡಿದ್ರೆ ಮೊದಲಿಂದ ಶುರು," ಎಂದಳು ಟೀಚರ್.

ಎರಡು ಪಂದ್ಯ ಮುಗಿದಾಗ ಚಿಲ್ಲರೆ ಮತ್ತು ಡ್ರೈವರಣ್ಣ ಮೂರನೆಯ ಜಾಗದಲ್ಲಿದ್ದರು. ಡಿಪೋದವರ ನಗು ನಿಂತು ಬಾಯಿ ತೆರೆದುಕೊಂಡಿತು. ಕೊನೆಯ ಪಂದ್ಯದಲ್ಲಿ ತಪ್ಪಿಲ್ಲದೆ ಓಡಿದರೆ ಜಾಗ ಗಟ್ಟಿ. ಒಂದೇ ಒಂದು ತಪ್ಪಾದರೂ ಬೆನ್ನ ಹಿಂದೆಯೇ ಇದ್ದ ಬಿಳಿ ನಾಯಿಯದು ಆ ಜಾಗ. ಮುಂದಿನ ವರ್ಷ ಎನ್ನುವ ಮಾತೂ ಇರಲಿಲ್ಲ. "ಸೊಂಟ ಸವೀತಿದೆ. ಈ ವರ್ಷ ಆದ್ಮೇಲೆ ಹಾರಿಸ್ಬೇಡಿ," ಎಂದು ನಾಯಿ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು.

ಆಗ ಹೆಂಡತಿ ಒಂದು ಉಪಾಯ ಮಾಡಿದಳು. ಪ್ರಯಾಣಕ್ಕೆಂದು ಗಂಡನಿಗೆ ಅವಳೇ ಬೂದು ಬಣ್ಣದ ಕೋಟು ಹೊಲಿದಿಟ್ಟಿದ್ದಳು. ಅದರದೊಂದು ದಪ್ಪ ಗುಂಡಿ ಕತ್ತರಿಸಿ, ಅವನ ಬಲಗಾಲಿನ ಕಾಲುಚೀಲದೊಳಗೆ ಹಾಕಿದಳು.

"ಇದೇನೇ ಇದು?"

"ತುಳೀರಿ ನೋಡೋಣ."

ತುಳಿದ. "ಅಯ್ಯಯ್ಯೋ!" ಎಂದು ಕುಣಿದ.

"ಹೂಂ. ಇನ್ನು ಕಾಲು ಬಡಿಯೋ ಮುಂಚೆ ಅದಕ್ಕೇ ನೆನಪಾಗತ್ತೆ. ನೀವು ಆಯ್ಕೆ ಆದ ದಿನ ಗುಂಡಿ ವಾಪಸ್ ಹೊಲಿದುಕೊಡ್ತೀನಿ."

ಕಣದೊಳಗೆ ಕೈಯಲ್ಲಾಗಲಿ ಜೇಬಿನಲ್ಲಾಗಲಿ ಏನೂ ಇರಬಾರದೆಂಬ ನಿಯಮವುಂಟು. ಕಾಲುಚೀಲದ ವಿಷಯ ಯಾರೂ ಬರೆದಿಲ್ಲ. ಕೆಲವು ವಾರ ಕುಂಟಿದರೂ ಕಾಲು ಬುದ್ಧಿ ಕಲಿಯಿತು. ಏತದ ಹಲಗೆಯ ಮೇಲೆ ಚಿಲ್ಲರೆ ತುದಿಯವರೆಗೂ ಹೋಗಿ, ಹಲಗೆ ನೆಲ ಮುಟ್ಟುವವರೆಗೂ ಕಾದು, ಆಮೇಲೆ ಹಾರತೊಡಗಿತು. ಕಂಡಕ್ಟರಿಗೆ ಕೂಗಲು ಏನೂ ಇಲ್ಲದಾಯಿತು.

ಕೊನೆಯ ಪಂದ್ಯದ ಬೆಳಿಗ್ಗೆ ನಾಯಿಗಳನ್ನೆಲ್ಲ ಹೊರಗೆ ಬಿಟ್ಟು, ಬರೀ ಮನುಷ್ಯರು ಕಣದೊಳಗೆ ಹೋಗಿ ದಾರಿ ನೋಡಿಕೊಂಡರು. ಅದೊಂದು ನೋಡುವಂಥ ನೋಟ. ದೊಡ್ಡ ದೊಡ್ಡವರೆಲ್ಲ ಇಲ್ಲದ ನಾಯಿಗೆ ಕೈ ತೋರಿಸುತ್ತ, "ಬಾ, ಬಾ, ಈ ಕಡೆ" ಎಂದು ಗಾಳಿಯ ಜೊತೆ ಮಾತಾಡುತ್ತ ತಿರುಗುತ್ತಿದ್ದರು. ಹೆಂಡತಿ ಬೇಲಿಯ ಪಕ್ಕ ಚಿಲ್ಲರೆಯನ್ನು ತೊಡೆಯ ಮೇಲಿಟ್ಟುಕೊಂಡು, "ನೋಡೇ, ನಿಮ್ಮಪ್ಪ ಹೇಗೆ ಓಡ್ತಿದಾರೆ," ಎಂದು ನಗುತ್ತಿದ್ದಳು.

ಬಿಳಿ ನಾಯಿ ತಪ್ಪಿಲ್ಲದೆ ಓಡಿ ಮುಗಿಸಿತು. ಆಮೇಲೆ ಇವರ ಸರದಿ.

ಚಿಲ್ಲರೆ ಹೊರಟದ್ದಷ್ಟೇ ಗೊತ್ತು. ಅಡ್ಡಕಂಬ, ಸುರಂಗ, ಕೋಲುಗಳ ಸಾಲು, ಎಲ್ಲೂ ಒಂದು ತೊಡಕಿಲ್ಲ. ಇಳಿಜಾರಿನ ಹಳದಿಗೆ ಎರಡೂ ಕಾಲು ತಾಗಿಸಿ ಇಳಿಯಿತು. ಏತದ ಹಲಗೆಯ ಮೇಲೆ ತುದಿಯಲ್ಲಿ ನಿಂತು, ಮೆಲ್ಲನೆ ಕೆಳಗಿಳಿದು, ಹಾರಿತು. ಡ್ರೈವರಣ್ಣ ಏದುಸಿರು ಬಿಡುತ್ತ ಪಕ್ಕದಲ್ಲೇ ಇದ್ದ. ಗುಂಡಿ ಒತ್ತುತ್ತಿತ್ತು, ಕಾಲು ಸುಮ್ಮನಿತ್ತು. ಉಳಿದದ್ದು ಒಂದೇ ಒಂದು ಕಂಬ. ಬೇಲಿಯಾಚೆ ಕಂಡಕ್ಟರು ಆಗಲೇ ಎರಡೂ ಕೈ ಮೇಲೆತ್ತಿದ್ದ.

ಆ ಕೊನೆಯ ಕಂಬದ ಆಚೆ ಕಣದ ಗೇಟು. ಅಷ್ಟು ಹೊತ್ತು ಮುಚ್ಚಿದ್ದ ಗೇಟನ್ನು ಯಾರೋ ಕುರ್ಚಿ ಸಾಗಿಸಲು ಆಗಷ್ಟೇ ತೆರೆದಿದ್ದರು. ಗೇಟಿನಾಚೆ ಒಂದು ವ್ಯಾನು, ಹಿಂಭಾಗ ಈ ಕಡೆಗಿತ್ತು. ಡ್ರೈವರಣ್ಣನ ಕಣ್ಣಿಗೆ ಬಿದ್ದದ್ದು ಅದರ ಎರಡು ಬಿಳಿ ದೀಪ, ರಿವರ್ಸ್ ಗೇರಿನ ದೀಪ. ಚಿಲ್ಲರೆ ಹಾರಿದರೆ ಅದೇ ವೇಗದಲ್ಲಿ ನೆಟ್ಟಗೆ ಅದರ ಚಕ್ರದಡಿಗೆ.

ಧಡ್!

ಗುಂಡಿ ಅಂಗಾಲಿಗೆ ನಾಟಿ ಪ್ರಾಣ ಹೋದಂತಾಯಿತು. ಚಿಲ್ಲರೆ ಕಂಬದ ಮುಂದೆ ಹುಲ್ಲು ಕಿತ್ತುಬರುವಂತೆ ನಿಂತಿತು. ತೀರ್ಪುಗಾರ ಮುಷ್ಟಿ ಮೇಲೆತ್ತಿದ: ತಪ್ಪು.

ವ್ಯಾನು ಇದ್ದಲ್ಲಿಂದ ಅಲ್ಲಾಡಲೇ ಇಲ್ಲ. ಒಳಗಿದ್ದವನು ಬಿಸ್ಕತ್ತು ತಿನ್ನುತ್ತಿದ್ದ. ಗೇರು ಹಾಕಿದವನು ಕುರ್ಚಿ ತುಂಬುವವರು ಕರೆಯಲಿ ಎಂದು ಬ್ರೇಕಿನ ಮೇಲೆ ಕಾಲಿಟ್ಟು ಕಾಯುತ್ತಿದ್ದನಂತೆ.

ಯಾರೋ ಓಡಿಹೋಗಿ ಗೇಟು ಮುಚ್ಚಿದರು. ಚಿಲ್ಲರೆ ಇದಾವುದನ್ನೂ ನೋಡಲಿಲ್ಲ. ಅದು ಅವನ ಕಾಲನ್ನೇ ನೋಡುತ್ತ, ಬಾಲ ಅಲ್ಲಾಡಿಸುತ್ತ ನಿಂತಿತ್ತು. ಹೇಳಿದ ತಕ್ಷಣ ನಿಂತೆನಲ್ಲ, ಎಷ್ಟು ಚೆನ್ನಾಗಿ ನಿಂತೆ ನೋಡು ಎನ್ನುವ ಮುಖ. ಡ್ರೈವರಣ್ಣನ ಕಿಟಕಿ ಪಕ್ಕದ ಸೀಟು, ದೂರದ ಊರು, ಎಲ್ಲವೂ ಹೋಗಿತ್ತು. ಅದಕ್ಕೆ ಕೊನೆಯ ಕಂಬ ತೋರಿಸಿದ, ಅದು ಹಾರಿತು, ಗೆರೆ ದಾಟಿತು. ಅವನು ಅಲ್ಲೇ ಕಣದೊಳಗೆ ಮಂಡಿಯೂರಿ ಕೂತು ಅದನ್ನು ಎದೆಗವಚಿಕೊಂಡ.

"ಭೇಷ್ ಮಗಳೇ," ಎಂದ. "ಭೇಷ್. ಹಂಗೇ ನಿಲ್ಬೇಕು." ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಚಿಲ್ಲರೆ ಅವನ ಮೀಸೆ ನೆಕ್ಕಿತು.

ಹೊರಗೆ ಬಂದಾಗ ಕಂಡಕ್ಟರಿಗೆ ತಡೆಯಲಾಗಲಿಲ್ಲ. "ಏನೂ ಆಗ್ತಿರ್ಲಿಲ್ಲ ಅಣ್ಣಾ! ಆ ವ್ಯಾನು ನಿಂತೇ ಇತ್ತು!"

"ಗೊತ್ತಾಯ್ತು ಬಿಡೋ."

"ಸುಮ್ಮನೆ ಬ್ರೇಕ್ ಹಾಕಿಬಿಟ್ರಲ್ಲ!"

"ನಿನ್ನ ಬಸ್ಸಲ್ಲಿ ಇವರು ಸುಮ್ಮನೆ ಬ್ರೇಕ್ ಹಾಕಿದ್ದು ಎಷ್ಟು ಸಲ ಅಂತ ಲೆಕ್ಕ ಇಟ್ಟಿದ್ದೀಯೇನಪ್ಪ?" ಎಂದಳು ಹೆಂಡತಿ. ಟೀಚರ್ ಡ್ರೈವರಣ್ಣನ ಬೆನ್ನು ತಟ್ಟಿ, ಬಿಳಿ ನಾಯಿಯವರಿಗೆ ಶುಭಾಶಯ ಹೇಳಲು ಹೋದಳು. ಸ್ವಲ್ಪ ಹೊತ್ತಿಗೆ ಡ್ರೈವರಣ್ಣನೂ ಕುಂಟುತ್ತ ಹೋಗಿ ಅವರ ಕೈ ಕುಲುಕಿ ಬಂದ.

ಮನೆಯಲ್ಲಿ ಹೆಂಡತಿ ಅವನ ಕಾಲುಚೀಲ ಬಿಚ್ಚಿ, ಗುಂಡಿ ತೆಗೆದು ತೊಳೆದು, ಸೂಜಿಗೆ ದಾರ ಪೋಣಿಸಿದಳು. "ಆಯ್ಕೆ ಆದ ದಿನ ಅಂದಿದ್ಯಲ್ಲೇ," ಎಂದ ಅವನು.

"ಅಂದಿದ್ದೆ. ಈಗ ಹೊಲೀತಿದೀನಿ. ನಾಳೆ ನಿಮಗೆ ರಜಾ, ಕೋಟು ಹಾಕ್ಕೊಳ್ಳಿ. ರೈಲಲ್ಲಿ ಕೊನೇ ಸ್ಟೇಷನ್ ತನಕ ಹೋಗೋಣ. ಅದೆಲ್ಲಿದ್ಯೋ ನಾನೂ ನೋಡಿಲ್ಲ."

ಮರುದಿನ ಆಸ್ಪತ್ರೆ ಗೇಟಿನಲ್ಲಿ ಮೂವರೂ ಬಸ್ಸು ಹತ್ತಿದರು. ಸ್ಟೇರಿಂಗಿನಲ್ಲಿ ಬದಲಿ ಡ್ರೈವರು, ಹೊಸಬ. ಬೂದು ಕೋಟಿನ ಡ್ರೈವರಣ್ಣ ಕಿಟಕಿ ಪಕ್ಕ ಕೂತ, ತೊಡೆಯ ಮೇಲೆ ಚಿಲ್ಲರೆ. ಮಾರ್ಕೆಟ್ಟಿನ ತಿರುವು ಬಂತು. ಹೊಸಬ ವೇಗ ತಗ್ಗಿಸಲಿಲ್ಲ. ಡ್ರೈವರಣ್ಣನ ಬಲಗಾಲು ಧಡ್ ಎಂದು ನೆಲಕ್ಕೆ ಬಡಿಯಿತು. ತೊಡೆಯ ಮೇಲಿನ ಚಿಲ್ಲರೆ ಬಾಲವನ್ನೂ ಅಲ್ಲಾಡಿಸದೆ ನಿಶ್ಚಲವಾಯಿತು.

"ಸುಮ್ನಿರ್ರೀ, ನೀವೀಗ ಪ್ಯಾಸೆಂಜರ್ರು," ಎಂದು ಹೆಂಡತಿ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟಳು. ರೈಲ್ವೆ ಸ್ಟೇಷನ್ ಬರುವವರೆಗೂ ತೆಗೆಯಲಿಲ್ಲ.