ಚಕ್ರಕ್ಕೆ ಹಚ್ಚಿದ ಎಣ್ಣೆ

ಕುಂಞಣ್ಣ, ಅದು ಬರೀ ಇಂಜಿನ್ನಿನ ಎಣ್ಣೆ ಆಗಿರಲಿಲ್ಲ. ಅದರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಇತ್ತು. ತಾಗಿದರೆ ಚರ್ಮ ಸುಡುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿಮ್ಮ ಕೈಗೆ ಕೊಟ್ಟೆ.

ಯುದ್ಧ ಮುಗಿದ ಮೇಲೆ ನಾನು ಕೊಂಡ ಆ ಹಳೆಯ ವ್ಯಾನ್ ನಿಮಗೆ ಮರೆತಿರಲಾರದು. ಮೊದಲಿನ ಧಣಿ ಅದನ್ನು ಎರಡು ಮಳೆಗಾಲ ಕಡಲ ಗಾಳಿಗೆ ಬಿಟ್ಟು ಕೊಳೆಸಿದ್ದ. ಮೀಂಜದ ಮದುವೆಗೆ ನಿಮ್ಮನ್ನೂ ನಿಮ್ಮ ಅಡುಗೆಯ ಪಾತ್ರೆಗಳನ್ನೂ ಅದರಲ್ಲೇ ಸಾಗಿಸುವುದೆಂದು ಮಾತಾಗಿತ್ತು. ಹೊರಡುವ ಮುನ್ನಾದಿನ ನೋಡಿದರೆ ಹಿಂದಿನ ಟಯರು ಹರಿದಿದೆ. ನಟ್ಟುಗಳೇನೋ ಬಿಚ್ಚಿದವು, ಚಕ್ರ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ— ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಆಗ ರೇಷನ್ನಿನಲ್ಲಿ, ಬೇಕೆಂದರೆ ನಾಲ್ಕು ಮನೆ ಬೇಡಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿ? ಮನೆಯ ಮಾಡಿನ ಮರಕ್ಕೆ ಗೆದ್ದಲು ಹಿಡಿಯದಂತೆ ಹಚ್ಚಲು ತಂದಿಟ್ಟಿದ್ದ ಗೇರೆಣ್ಣೆಯನ್ನು ಇಂಜಿನ್ನಿನ ಕರಿ ಎಣ್ಣೆಗೆ ಬೆರೆಸಿದೆ. ನೀವು ಹೊರಡುವ ಹೊತ್ತು ಕೇಳಲು ಬಂದವರು. ಚಿಂದಿ ಬಟ್ಟೆ ನಿಮ್ಮ ಕೈಗಿತ್ತು, ಸಂದಿಗೆಲ್ಲ ಒತ್ತಿ ಹಚ್ಚಿ ಎಂದೆ. ನಾನು ಸುತ್ತಿಗೆ ಹಿಡಿದು ಆಚೆ ನಿಂತೆ— ನನ್ನ ಕೈ ಜೋಪಾನವಾಗಿರಬೇಕಲ್ಲ. ಥೂ, ಹೇಳುವಾಗಲೇ ಹೇಸಿಗೆಯಾಗುತ್ತದೆ.

ಮರುದಿನ ಬೆಳಿಗ್ಗೆ ಸುತ್ತಿಗೆಯ ನಾಲ್ಕೇ ಏಟಿಗೆ ಚಕ್ರ ಕಳಚಿತು. ನಿಮ್ಮ ಕೈಯಲ್ಲಿ ಬೊಕ್ಕೆ ಏಳತೊಡಗಿತ್ತು. ನೋಡಿಯೂ ನೋಡದವನಂತೆ ವ್ಯಾನ್ ಹತ್ತಿದೆ.

ಮದುವೆಯ ಊಟದಲ್ಲಿ ಪಾಯಸ ಬಡಿಸುವಾಗ ನೀವು ಕೈಗೆ ಸುತ್ತಿದ್ದ ಬಟ್ಟೆ ಜಾರಿತು. ಒಡೆದ ಬೊಕ್ಕೆ, ಸುಲಿದ ಚರ್ಮ, ಸೋರುವ ನೀರು— ಪಂಕ್ತಿಯಲ್ಲಿ ಯಾರೋ ಓಕರಿಸಿದರು. ದೊಡ್ಡ ರೋಗ, ಕುಷ್ಠ ಎಂಬ ಗುಸುಗುಸು ಎದ್ದಿತು. ವ್ಯಾನಿನ ಎಣ್ಣೆ ತಾಗಿ ಹೀಗಾಯಿತು, ಇವರನ್ನೇ ಕೇಳಿ ಎಂದು ನೀವು ನನ್ನತ್ತ ತೋರಿಸಿದಿರಿ. ಹೌದೆಂದರೆ ಮದುವೆಯ ಊಟ ಕೆಡಿಸಿದವನು ನಾನಾಗುತ್ತಿದ್ದೆ.

“ಎಂತ ಎಣ್ಣೆ ಮಾರಾಯ್ರೆ? ನಾನೂ ಅಲ್ಲೇ ಇದ್ದೆ. ನನ್ನ ಕೈಗೆ ಎಂತದ್ದೂ ಆಗಲಿಲ್ಲ, ನೋಡಿ.”

ನೀವು ಮಾಡಿದ ಸಾರು ಮೆತ್ತಿದ್ದ ಕೈಯನ್ನೇ ಎತ್ತಿ ತೋರಿಸಿದೆ, ಕುಂಞಣ್ಣ. ಆಮೇಲೆ ಎಲ್ಲರೊಂದಿಗೆ ಎಲೆ ಮಡಚಿ ಎದ್ದೆ.

ಗಾಯ ಮಾಗಿದ ಮೇಲೆ ನೀವು ಬಂದಿರಿ. ಅಂಗೈ ಬಿಡಿಸಿ, “ಈಗ ಸರಿ ಉಂಟು. ನೀವೊಂದು ಮಾತು ಹೇಳಿದರೆ ಜನ ನಂಬ್ತಾರೆ” ಎಂದಿರಿ. ನೋಡುವ ಎಂದೆ. ಎಂತ ನೋಡಿದ್ದು ನಾನು! ನಿಮ್ಮನ್ನು ಅಡುಗೆಗೆ ಕರೆಯುವವರೇ ಇಲ್ಲವಾದರು; ನೀವು ನಾಯ್ಮಾರ್ಮೂಲೆಯಲ್ಲಿ ಮೂಟೆ ಹೊರಲು ಹೋದಿರಿ. ನಾನು ಅದೇ ವ್ಯಾನ್ ಓಡಿಸಿ ಮನೆ ಕಟ್ಟಿದೆ.

ನಾಳೆ ಆ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ಕರೆಯಲು ಬಂದಾಗ ನೀವಿರಲಿಲ್ಲ. ನಿಮ್ಮ ಹೆಂಡತಿ ಬಾಗಿಲಲ್ಲೇ ಹೇಳಿದರು: “ಅವರು ಎಲ್ಲಿಗೂ ಊಟಕ್ಕೆ ಹೋಗುವುದಿಲ್ಲ. ಅವರು ಕೂತರೆ ಪಕ್ಕದವರು ಏಳ್ತಾರೆ.”

ಇಷ್ಟು ವರ್ಷ— ಇನ್ನೂ—

ನಾಳೆ ಬಡಿಸುವ ಮೊದಲು ಎಲ್ಲರೆದುರು ಹೇಳುತ್ತೇನೆ. ಉಣ್ಣುವವರು ಉಣ್ಣಲಿ, ಉಗಿಯುವವರು ಉಗಿಯಲಿ. ನೀವು ಬರಬೇಡಿ. ನನ್ನನ್ನು ಕ್ಷಮಿಸಿದವರಂತೆ ಆ ಜನರ ನಡುವೆ ನೀವು ಕೂರಬೇಕಾಗಿ ಬರುವುದು ಬೇಡ.